ವಿಟ್ಬಿ ಬಂದರು: ಒಂದು ಚಿಕ್ಕ ಅಳಿವೆಗೆ ಐದು ದೀಪಗಳು ಏಕೆ ಬೇಕಾದವು?

ಅಳಿವೆಯಂಚು (ಪ್ರಶ್ನೆ):

ಮಾನ್ಯರೇ, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿ ಪಟ್ಟಣವನ್ನು ಚೆನ್ನಾಗಿ ಬಲ್ಲವರು ಇಲ್ಲಿ ಇದ್ದಾರೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ನಾನು ಉದ್ಯೋಗದ ನಿಮಿತ್ತ ಲೀಡ್ಸ್‌ನಲ್ಲಿ ನೆಲೆಸಿದ್ದರೂ ಹುಟ್ಟಿ ಬೆಳೆದದ್ದು ಗಂಗೊಳ್ಳಿಯ ಹತ್ತಿರ. ಅಳಿವೆಯ ಬಾಯಲ್ಲಿ ಮರಳು ನಿಂತರೆ ದೋಣಿಯವರ ಪಾಡು ಏನಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವನಾದ್ದರಿಂದ, ಎಸ್ಕ್ ನದಿಯು ಕಡಲು ಸೇರುವ ಈ ಬಂದರು ನನ್ನನ್ನು ಬಹಳವಾಗಿ ಸೆಳೆದಿದೆ.

ನದಿಯ ಎರಡು ದಡಗಳಿಂದ ಎರಡು ಕಲ್ಲುಗೋಡೆಗಳು ಉತ್ತರಕ್ಕೆ ಮುಖಮಾಡಿ ಕಡಲೊಳಗೆ ಚಾಚಿಕೊಂಡಿವೆ. ಒಂದೊಂದರ ಮೇಲೂ ಕಲ್ಲಿನ ದೀಪಸ್ತಂಭವಿದೆ. ಆದರೆ ಅವು ಗೋಡೆಯ ತುದಿಯಲ್ಲಿಲ್ಲ. ಗೋಡೆ ಅವುಗಳನ್ನು ದಾಟಿ ಮತ್ತಷ್ಟು ಮುಂದೆ ಹೋಗಿದ್ದು, ಅದರ ಕೊನೆಯಲ್ಲಿ ಮರದ ಕಾಲುಗಳ ಮೇಲೆ ನಿಂತ ಇನ್ನೊಂದು ಚಿಕ್ಕ ದೀಪವಿದೆ. ಇವು ನಾಲ್ಕಾದವು. ಐದನೆಯದು ಪಟ್ಟಣದಿಂದ ಆಗ್ನೇಯಕ್ಕೆ, ಕಡಿದಾದ ಕಡಲದಂಡೆಯ ಮೇಲೆ ಒಂಟಿಯಾಗಿ ನಿಂತಿರುವ ಬಿಳಿಯ ಸ್ತಂಭ. ಮೀನುಗಾರಿಕೆಯ ಒಂದು ಸಣ್ಣ ಊರಿಗೆ ಐದು ದೀಪಗಳು ಏಕೆ ಬೇಕಾದವು? ಹಳೆಯ ಸ್ತಂಭಗಳು ಗೋಡೆಯ ನಡುವೆ ಉಳಿದದ್ದು ಹೇಗೆ? ಇಷ್ಟು ದೊಡ್ಡ ಕಲ್ಲಿನ ಕೆಲಸಕ್ಕೆ ಹಣ ಎಲ್ಲಿಂದ ಬಂತು? ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಕಲ್ಲುಗಾರೆ (ಉತ್ತರ):

ಬಂದರು ಕಾಮಗಾರಿಗಳಲ್ಲಿ ದುಡಿದ ಅನುಭವ ನನಗಿರುವುದರಿಂದ ಗೋಡೆಗಳಿಂದಲೇ ಆರಂಭಿಸುತ್ತೇನೆ. ವಿಟ್ಬಿಯಲ್ಲಿ ದೀಪಗಳು ಇರುವುದು ಗೋಡೆಗಳಿಗಾಗಿ, ಗೋಡೆಗಳು ಇರುವುದು ಅಳಿವೆಗಾಗಿ. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಬ್ರಿಟನ್ನಿನ ಪೂರ್ವ ಕರಾವಳಿಯ ಹೆಚ್ಚಿನ ಊರುಗಳು ಪೂರ್ವದ ಕಡಲನ್ನು ನೋಡಿಕೊಂಡಿದ್ದರೆ ವಿಟ್ಬಿಯ ಬಂದರು ನೇರವಾಗಿ ಉತ್ತರಕ್ಕೆ ತೆರೆದುಕೊಂಡಿದೆ. ಉತ್ತರದ ಗಾಳಿ ಎದ್ದಾಗ ಉತ್ತರ ಸಮುದ್ರದ ಅಲೆಗಳು ದೂರದಿಂದ ಯಾವ ಅಡ್ಡಿಯೂ ಇಲ್ಲದೆ ಬಂದು ಅಳಿವೆಯೊಳಗೆ ನುಗ್ಗುತ್ತವೆ. ಪಶ್ಚಿಮದ ಸ್ಯಾಂಡ್ಸ್‌ಎಂಡ್ ಕಡೆಯ ಉದ್ದನೆಯ ಮರಳುತೀರದಿಂದ ಮರಳು ಸರಿದು ಬರುತ್ತದೆ, ಪೂರ್ವದಲ್ಲಿ ನೀರಿನೊಳಗೆ ಚಾಚಿರುವ ಬಂಡೆಯ ಹಾಸು ಇದೆ. ಹೀಗೆ ಒಂದು ಬದಿಯಲ್ಲಿ ಮರಳು, ಇನ್ನೊಂದು ಬದಿಯಲ್ಲಿ ಬಂಡೆ, ಎದುರಿಗೆ ಉತ್ತರದ ಅಲೆ. ಗೋಡೆಗಳಿಲ್ಲದೆ ಇದು ಬಂದರಾಗಿ ಉಳಿಯುತ್ತಲೇ ಇರಲಿಲ್ಲ.

ಮೊದಲು ಇದ್ದವು ಮರದ ಚೌಕಟ್ಟು ಮತ್ತು ಒಟ್ಟಿದ ಕಲ್ಲುಗಳ ಗೋಡೆಗಳು. ಪಶ್ಚಿಮದ ಗೋಡೆಯನ್ನು ಗಟ್ಟಿಯಾಗಿ ಕಟ್ಟಿಸುವ ಕೆಲಸಕ್ಕೆ 1630ರ ದಶಕದಲ್ಲಿ ಅಲ್ಲಿಯ ಜಮೀನುದಾರ ಸರ್ ಹ್ಯೂ ಚಮ್ಲಿ ಕೈಹಾಕಿದರು. ಆದರೆ ನಿಜವಾದ ತಿರುವು 1702ರಲ್ಲಿ ಬಂತು. ಆ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ವಿಟ್ಬಿಯ ಗೋಡೆಗಳ ದುರಸ್ತಿಗೆಂದೇ ಒಂದು ಕಾಯಿದೆ ಮಾಡಿತು. ಅದರ ಪ್ರಕಾರ ನ್ಯೂಕಾಸಲ್ ಕಡೆಯಿಂದ ಸಾಗುವ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿ ಆ ಹಣವನ್ನು ಈ ಗೋಡೆಗಳಿಗೆ ಬಳಸಲಾಯಿತು. ಲಂಡನ್ನಿನ ಒಲೆಗಳು ಉರಿಯುತ್ತಿದ್ದದ್ದೇ ಆ ಕಲ್ಲಿದ್ದಲಿನಿಂದ. ಅದನ್ನು ಹೊತ್ತ ನೂರಾರು ಹಡಗುಗಳು ಈ ದಂಡೆಯ ಉದ್ದಕ್ಕೂ ಓಡಾಡುತ್ತಿದ್ದವು, ಬಿರುಗಾಳಿಗೆ ಸಿಕ್ಕರೆ ಓಡಿ ಸೇರಿಕೊಳ್ಳಲು ಅವುಗಳಿಗೆ ಹೆಚ್ಚು ಜಾಗಗಳಿರಲಿಲ್ಲ. ಆದ್ದರಿಂದ ವಿಟ್ಬಿಯ ಗೋಡೆಗಳು ವಿಟ್ಬಿಯವರಿಗಾಗಿ ಮಾತ್ರ ಕಟ್ಟಿದವಲ್ಲ. ಊರಿನ ಗಾತ್ರಕ್ಕೂ ಕಲ್ಲಿನ ಕೆಲಸದ ಗಾತ್ರಕ್ಕೂ ನಿಮಗೆ ಕಂಡ ಅಂತರಕ್ಕೆ ಇದೇ ಕಾರಣ.

ಕಲ್ಲು ಬಂದದ್ದು ಹತ್ತಿರದ ಏಸ್ಲಬಿ ಗಣಿಗಳಿಂದ. ದೂರದ ರಾಮ್ಸ್‌ಗೇಟ್ ಮತ್ತು ಮಾರ್ಗೇಟ್ ಬಂದರುಗಳಿಗೂ ಒಯ್ದ ಮರಳುಗಲ್ಲು ಅದು. ಮುಂದಿನ ಸಲ ಪಶ್ಚಿಮದ ಗೋಡೆಯ ಮೇಲೆ ನಡೆಯುವಾಗ ದಯವಿಟ್ಟು ಬಗ್ಗಿ ನೋಡಿರಿ. ಒಂದೊಂದು ಕಲ್ಲಿನ ಮೈಮೇಲೂ ಉಳಿಯಿಂದ ಓರೆಯಾಗಿ ಎಳೆದ ಗೀರುಗಳ ಸಾಲುಗಳಿವೆ. ಒಂದು ಸಾಲು ಎಡಕ್ಕೆ ಓರೆಯಾದರೆ ಪಕ್ಕದ ಸಾಲು ಬಲಕ್ಕೆ ಓರೆಯಾಗಿ, ಮೀನಿನ ಮುಳ್ಳಿನ ವಿನ್ಯಾಸ ಮೂಡಿರುತ್ತದೆ. ಆ ಭಾಗದ ಕಲ್ಲುಕುಟಿಗರ ಗುರುತು ಅದು. ಇಷ್ಟು ಕಾಲ ಉಪ್ಪುನೀರು ಬಡಿದರೂ ಅನೇಕ ಕಡೆ ಗೀರುಗಳು ಇನ್ನೂ ಬೆರಳಿಗೆ ಸಿಗುತ್ತವೆ.

ಇನ್ನು ಸ್ತಂಭಗಳ ಸ್ಥಾನದ ವಿಷಯ. ಪಶ್ಚಿಮದ ದೀಪಸ್ತಂಭ ಏಳುವಾಗ, ಅಂದರೆ 1831ರಲ್ಲಿ, ಅದು ನಿಂತ ಜಾಗವೇ ಗೋಡೆಯ ತುದಿಯಾಗಿತ್ತು. ಬಂದರಿನ ಎಂಜಿನಿಯರ್ ಫ್ರಾನ್ಸಿಸ್ ಪಿಕರ್ನೆಲ್ ಅದನ್ನು ಗ್ರೀಕ್ ದೇವಾಲಯದ ಕಂಬದಂತೆ, ಮೇಲಿನಿಂದ ಕೆಳಕ್ಕೆ ಉದ್ದುದ್ದ ತೋಡುಗಳನ್ನು ಕೊರೆಸಿ, ಸುಮಾರು 25 ಮೀಟರ್ ಎತ್ತರಕ್ಕೆ ಕಟ್ಟಿಸಿದರು. ಪೂರ್ವದ ಸ್ತಂಭ ಬಂದದ್ದು 1855ರಲ್ಲಿ. ಅದರ ಎತ್ತರ ಸುಮಾರು 16 ಮೀಟರ್ ಮಾತ್ರ. ಆಮೇಲೂ ಅಲೆಗಳ ಹೊಡೆತ ಒಳಬಂದರಿಗೆ ತಟ್ಟುತ್ತಲೇ ಇದ್ದುದರಿಂದ, 1908ರಲ್ಲಿ ಆರಂಭಿಸಿ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಎರಡೂ ಗೋಡೆಗಳನ್ನು ಕಾಂಕ್ರೀಟಿನಿಂದ ಮುಂದಕ್ಕೆ ಬೆಳೆಸಿದರು. ಹಾಗಾಗಿ ಹಳೆಯ ಸ್ತಂಭಗಳು ನಡುವೆ ಉಳಿದವು, ತುದಿಗೆ ಹೊಸ ದೀಪಗಳು ಬಂದವು.

ಆ ವಿಸ್ತರಣೆಗೆ ಬಳಸಿದ ಯಂತ್ರವನ್ನು ಅಲ್ಲಿಯ ಜನ ‘ನಡೆಯುವ ಮನುಷ್ಯ’ ಎಂದು ಕರೆಯುತ್ತಿದ್ದರು. ನೀರಿನಿಂದ ಮೇಲಕ್ಕೆ ಎದ್ದ ಕಬ್ಬಿಣದ ಅಟ್ಟ, ಅದಕ್ಕೆ ಎರಡು ಜೊತೆ ಕಾಲುಗಳ ಗುಂಪು. ಒಂದು ಗುಂಪು ಕಡಲತಳದ ಮೇಲೆ ನಿಂತು ಭಾರ ಹೊತ್ತಿರುವಾಗ ಇನ್ನೊಂದು ಗುಂಪು ಎದ್ದು ಮುಂದಕ್ಕೆ ಸರಿದು ಊರಿಕೊಳ್ಳುತ್ತಿತ್ತು. ಹೀಗೆ ಹೆಜ್ಜೆ ಹಾಕುತ್ತಾ, ಅಲೆಗಳ ನಡುವೆಯೇ ನಿಂತು ಕೆಲಸ ಮಾಡಲು ಅದರಿಂದ ಸಾಧ್ಯವಾಗುತ್ತಿತ್ತು. ತೇಲುವ ದೋಣಿಯ ಮೇಲೆ ಕ್ರೇನ್ ಇಟ್ಟು ಆ ಕಡಲಿನಲ್ಲಿ ಭಾರದ ದಿಮ್ಮಿಗಳನ್ನು ನೇರವಾಗಿ ಕೂರಿಸುವುದು ಎಷ್ಟು ಕಷ್ಟ ಎಂದು ಬಲ್ಲ ಯಾರಿಗಾದರೂ ಈ ಉಪಾಯದ ಬೆಲೆ ತಿಳಿಯುತ್ತದೆ. ವಿಟ್ಬಿಯ ಬಗ್ಗೆ ಬರೆಯುವವರು ದೀಪಸ್ತಂಭಗಳ ಚೆಲುವನ್ನು ಹೊಗಳಿ ಈ ಯಂತ್ರವನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ನಿವೃತ್ತ ನಾವಿಕ (ಉತ್ತರ):

ಕಲ್ಲುಗಾರೆಯವರು ಗೋಡೆಗಳ ಬಗ್ಗೆ ಬರೆದದ್ದನ್ನು ಸಂತೋಷದಿಂದ ಓದಿದೆ. ದೀಪಗಳ ವಿಷಯದಲ್ಲಿ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಐದು ದೀಪಗಳು ಎಂದು ಒಟ್ಟಾಗಿ ಎಣಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಅವು ಎರಡು ಬೇರೆ ಬೇರೆ ಕೆಲಸಗಳಿಗೆ ಇರುವ ದೀಪಗಳು.

ಗೋಡೆಗಳ ಮೇಲಿನ ನಾಲ್ಕು ಬಂದರಿನ ದೀಪಗಳು, ಇವುಗಳ ಹೊಣೆ ಬಂದರಿನ ಆಡಳಿತದ್ದು. ಬಾಗಿಲು ಎಲ್ಲಿದೆ, ಅದರ ಎಡ ಯಾವುದು ಬಲ ಯಾವುದು ಎಂದು ತೋರಿಸುವುದಷ್ಟೇ ಇವುಗಳ ಕೆಲಸ. ಉತ್ತರದಿಂದ ಬಂದು ದಕ್ಷಿಣಕ್ಕೆ ಮುಖಮಾಡಿ ಒಳಗೆ ಹೋಗುವ ದೋಣಿಗೆ ಪೂರ್ವದ ಗೋಡೆ ಎಡಕ್ಕೆ, ಪಶ್ಚಿಮದ ಗೋಡೆ ಬಲಕ್ಕೆ ಬರುತ್ತದೆ. ಆದ್ದರಿಂದ ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಹಸಿರು. ಒಳಬರುವಾಗ ಕೆಂಪು ಎಡಗಡೆ ಇರಬೇಕೆಂಬ ಈ ನಿಯಮ ಯುರೋಪಿನಲ್ಲಿ ಇರುವಂತೆಯೇ ಭಾರತದಲ್ಲಿಯೂ ಇದೆ, ಎರಡೂ ಅಂತರರಾಷ್ಟ್ರೀಯ ಏರ್ಪಾಡಿನ ಒಂದೇ ವಲಯಕ್ಕೆ ಸೇರಿವೆ. ಮಂಗಳೂರಿನ ತಂಡೇಲರೊಬ್ಬರನ್ನು (ದೋಣಿ ನಡೆಸುವ ಮುಖ್ಯಸ್ಥರನ್ನು) ರಾತ್ರಿ ವಿಟ್ಬಿಯ ಎದುರಿಗೆ ತಂದು ನಿಲ್ಲಿಸಿದರೂ ಆ ಎರಡು ಬಣ್ಣಗಳನ್ನು ಓದಲು ಅವರಿಗೆ ಯಾರ ಸಹಾಯವೂ ಬೇಕಾಗುವುದಿಲ್ಲ. ಅಮೆರಿಕದ ಕರಾವಳಿಯಲ್ಲಿ ಇದು ತಿರುಗುಮುರುಗು.

ಹಳೆಯ ಪಶ್ಚಿಮ ಸ್ತಂಭದ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಅದರ ದೀಪವನ್ನು ಹಿಂದೆ ಎಲ್ಲ ರಾತ್ರಿ ಎಲ್ಲ ಹೊತ್ತೂ ಉರಿಸುತ್ತಿರಲಿಲ್ಲ. ಅಳಿವೆಯ ಬಾಯಲ್ಲಿ ಹಡಗು ದಾಟುವಷ್ಟು ನೀರು ಏರಿದಾಗ ಮಾತ್ರ ಹಚ್ಚುತ್ತಿದ್ದರು. ಹೀಗಾಗಿ ಆ ದೀಪ ‘ಇಲ್ಲಿದೆ ಬಂದರು’ ಎಂದಷ್ಟೇ ಅಲ್ಲ, ‘ಈಗ ಬರಬಹುದು’ ಎಂದೂ ಹೇಳುತ್ತಿತ್ತು. ಇಳಿತದ ಸಮಯದಲ್ಲಿ ಕತ್ತಲಾಗಿಯೇ ಇದ್ದು ಅದು ಹಡಗುಗಳನ್ನು ದೂರ ಇಡುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಸ್ತಂಭದ ನಿಜವಾದ ದೊಡ್ಡತನ ಅದರ ಎತ್ತರದಲ್ಲಿ ಅಥವಾ ಗ್ರೀಕ್ ಕೆತ್ತನೆಯಲ್ಲಿ ಇಲ್ಲ, ಈ ಸಂಯಮದ ಬಳಕೆಯಲ್ಲಿದೆ.

ಐದನೆಯದು, ಲಿಂಗ್ ಹಿಲ್ ಮೇಲಿನ ಬಿಳಿಯ ಸ್ತಂಭ, ಬೇರೆಯದೇ ಕುಲದ್ದು. ಅದು ಬಂದರಿನ ದೀಪವಲ್ಲ, ಕರಾವಳಿಯ ದೀಪ. ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಎಂಬ ಹಳೆಯ ಸಂಸ್ಥೆಗೆ ಸೇರಿದ್ದು. ಎಂಜಿನಿಯರ್ ಜೇಮ್ಸ್ ವಾಕರ್ ಅವರ ವಿನ್ಯಾಸದಂತೆ 1858ರಲ್ಲಿ ಅಲ್ಲಿ ಉತ್ತರ ದಕ್ಷಿಣವಾಗಿ ಎರಡು ಸ್ತಂಭಗಳನ್ನು ಕಟ್ಟಿದ್ದರು. ಕಡಲಿನ ಮೇಲಿರುವ ಹಡಗಿನಿಂದ ನೋಡುವಾಗ ಎರಡೂ ದೀಪಗಳು ಒಂದೇ ಗೆರೆಯಲ್ಲಿ ಬಂದರೆ, ಆ ಗೆರೆ ವಿಟ್ಬಿ ರಾಕ್ ಎಂಬ ಮುಳುಗುಬಂಡೆಯ ಮೇಲೆ ಹಾದುಹೋಗುತ್ತಿತ್ತು. ಅಳಿವೆಯ ಪೂರ್ವಕ್ಕಿರುವ ಈ ಬಂಡೆಯೇ ಊರಿನ ದೊಡ್ಡ ಶತ್ರು. ದಕ್ಷಿಣದಿಂದ ಬರುವ ದೋಣಿ ಬಂದರನ್ನು ಕಂಡ ಕೂಡಲೇ ತಿರುಗುವಂತಿಲ್ಲ. ಬಂಡೆಯ ಹೊರಗೆ ತೇಲುತ್ತಿರುವ ಗಂಟೆಯ ಬೋಯಾದ (ಎಚ್ಚರಿಕೆಯ ತೇಲುಗುರುತಿನ) ತನಕ ಉತ್ತರಕ್ಕೆ ಹೋಗಿ, ಅದನ್ನು ಬಳಸಿಕೊಂಡು, ಆಮೇಲೆ ಬಾಗಿಲಿಗೆ ಮುಖಮಾಡಬೇಕು. 1890ರಲ್ಲಿ ಒಂದು ಸ್ತಂಭಕ್ಕೆ ಹೆಚ್ಚು ಸಮರ್ಥವಾದ ದೀಪ ಬಂದು ಇನ್ನೊಂದನ್ನು ಕೈಬಿಟ್ಟರು. ಉಳಿದಿರುವ ಸ್ತಂಭದ ಎತ್ತರ 13 ಮೀಟರ್ ಮಾತ್ರ, ಆದರೆ ದಂಡೆಯೇ ಎತ್ತರವಾಗಿರುವುದರಿಂದ ದೀಪ ಉಬ್ಬರದ ನೀರಿನ ಮಟ್ಟದಿಂದ 73 ಮೀಟರ್ ಮೇಲಿದೆ. ಐದು ಸೆಕೆಂಡಿನ ಸುತ್ತಿನಲ್ಲಿ ಬೆಳಕು ಎಷ್ಟು ಹೊತ್ತೋ ಕತ್ತಲೂ ಅಷ್ಟೇ ಹೊತ್ತು ಇರುತ್ತದೆ. ಹೊರಗಡಲಿಗೆ ಬಿಳಿ, ಅಪಾಯದ ಬಂಡೆಯ ದಿಕ್ಕಿಗೆ ಕೆಂಪು. 1992ರಿಂದ ಅಲ್ಲಿ ಕಾವಲಿನವರು ಇಲ್ಲ, ಎಲ್ಲವೂ ಸ್ವಯಂಚಾಲಿತ.

ಅಳಿವೆಯಂಚು (ಮರುಪ್ರಶ್ನೆ):

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಎರಡು ಕೆಲಸಗಳಿಗೆ ಎರಡು ಬಗೆಯ ದೀಪಗಳು ಎಂಬುದು ಈಗ ಸ್ಪಷ್ಟವಾಯಿತು. ಆದರೆ ಇದರಿಂದಲೇ ಇನ್ನೊಂದು ಸಂದೇಹ ಹುಟ್ಟಿದೆ. ರೋಹಿಲ್ಲಾ ಎಂಬ ಆಸ್ಪತ್ರೆ ಹಡಗು 1914ರಲ್ಲಿ ಇದೇ ದಂಡೆಯ ಬಂಡೆಗಳಿಗೆ ಬಡಿದು ಮುರಿಯಿತೆಂದು ಪಟ್ಟಣದಲ್ಲಿ ಓದಿದ್ದೆ. ಇಷ್ಟು ದೀಪಗಳು ಇರುವಾಗ ಅದು ಹೇಗಾಯಿತು? ಹೆಸರು ನಮ್ಮ ದೇಶದ್ದೆಂದು ತೋರುತ್ತದೆ. ನಿಜವಾಗಿ ಏನಾದರೂ ನಂಟು ಇದೆಯೇ?

ಹಡಗುಚರಿತ್ರೆ (ಉತ್ತರ):

ನಂಟು ನಿಜವಾದದ್ದೇ. ರೋಹಿಲ್ಲಾ ಹಡಗನ್ನು 1906ರಲ್ಲಿ ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ ಕಟ್ಟಿದ್ದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಗಾಗಿ. ಭಾರತದ ಬಂದರುಗಳ ನಡುವಿನ ಹಡಗು ಸಂಚಾರದಲ್ಲಿ ಬಹುಕಾಲ ಹೆಸರಾಗಿದ್ದ ಕಂಪನಿ ಅದು. ತನ್ನ ಹಡಗುಗಳಿಗೆ ನಮ್ಮ ನಾಡುಗಳ, ಜನಾಂಗಗಳ ಹೆಸರುಗಳನ್ನು ಇಡುವ ರೂಢಿ ಅದಕ್ಕಿತ್ತು. ರೋಹಿಲ್ಲರ ಹೆಸರು ಈ ಹಡಗಿಗೆ ಬಂದರೆ ಮಧ್ಯಭಾರತದ ರೀವಾ ಸಂಸ್ಥಾನದ ಹೆಸರು ಅದರ ಜೊತೆಯ ಹಡಗಿಗೆ ಬಂತು. ಯುದ್ಧ ಬಂದಾಗ ಎರಡೂ ಆಸ್ಪತ್ರೆ ಹಡಗುಗಳಾದವು, ಎರಡೂ ಯುದ್ಧ ಮುಗಿಯುವುದನ್ನು ನೋಡಲಿಲ್ಲ.

ದೀಪಗಳು ಇದ್ದೂ ಏಕೆ ಹೀಗಾಯಿತು ಎಂದರೆ, ಆ ರಾತ್ರಿ ಅವು ಉರಿಯುತ್ತಿರಲಿಲ್ಲ. ಶತ್ರುವಿನ ಹಡಗುಗಳಿಗೆ ದಾರಿ ತೋರಬಾರದೆಂದು ಕರಾವಳಿಯ ದೀಪಗಳನ್ನು ಆರಿಸಿಟ್ಟಿದ್ದರು. ಗಾಯಾಳು ಸೈನಿಕರನ್ನು ಕರೆತರಲು ಸ್ಕಾಟ್ಲೆಂಡಿನಿಂದ ಫ್ರಾನ್ಸಿನ ಡನ್‌ಕರ್ಕಿಗೆ ಹೊರಟಿದ್ದ ರೋಹಿಲ್ಲಾ, 1914ರ ಅಕ್ಟೋಬರ್ 30ರ ನಸುಕಿನಲ್ಲಿ, ಬಿರುಗಾಳಿಯ ನಡುವೆ, ವಿಟ್ಬಿಯ ಪೂರ್ವಕ್ಕಿರುವ ಸಾಲ್ಟ್‌ವಿಕ್ ಬಂಡೆಗಳಿಗೆ ಬಡಿಯಿತು. ಹಡಗಿನಲ್ಲಿ 229 ಮಂದಿ ಇದ್ದರು. ದಡ ಅಲ್ಲಿಂದ ಕೂಗಳತೆಗಿಂತ ತುಸು ದೂರ ಇದ್ದಿತಷ್ಟೇ. ಹಾಗಿದ್ದರೂ ರಕ್ಷಣೆಯ ಕೆಲಸ ಮೂರನೆಯ ದಿನದವರೆಗೆ ಎಳೆಯಿತು, 80ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಮೇಲೆ ಕಲ್ಲುಗಾರೆಯವರು ಬರೆದ ಉತ್ತರದ ಅಲೆಯ ಅರ್ಥ ಇಲ್ಲಿ ಪೂರ್ತಿಯಾಗಿ ಕಾಣುತ್ತದೆ. ಹುಟ್ಟು ಹಾಕುವ ಜೀವರಕ್ಷಕ ದೋಣಿಗಳಿಗೆ ಬಂದರಿನ ಬಾಯಿಯಿಂದ ಹೊರಬೀಳುವುದೇ ಆ ಕಡಲಿನಲ್ಲಿ ಸಾಧ್ಯವಿರಲಿಲ್ಲ. ಆಗ ಊರವರು ‘ಜಾನ್ ಫೀಲ್ಡನ್’ ಎಂಬ ದೋಣಿಯನ್ನು ಕೈಯಿಂದಲೇ ಎತ್ತಿ ಪೂರ್ವದ ಗೋಡೆ ದಾಟಿಸಿ, ದಂಡೆಯ ಬುಡದ ಬಂಡೆಗಳ ಮೇಲೆ ಎಳೆದುಕೊಂಡು ಹೋಗಿ, ಹಡಗಿನ ಎದುರಿಗೆ ನೀರಿಗೆ ಇಳಿಸಿದರು. ಎಳೆಯುವಾಗಲೇ ಅದರ ತಳಕ್ಕೆ ಪೆಟ್ಟಾಗಿತ್ತು. ಆದರೂ ಅದು ಎರಡು ಸಲ ಹೋಗಿ 35 ಜನರನ್ನು ದಡಕ್ಕೆ ತಂದಿತು, ದಾದಿಯರೂ ಅವರಲ್ಲಿದ್ದರು. ಅದಾದ ಮೇಲೆ ದೋಣಿ ಕೆಲಸಕ್ಕೆ ಬಾರದಾಯಿತು. ಇನ್ನೊಂದು ದೋಣಿಯನ್ನು ಕಡಿದಾದ ದಂಡೆಯ ಮೇಲಿನಿಂದ ಹಗ್ಗ ಕಟ್ಟಿ ಇಳಿಸಿದರೂ ಅಲೆಗಳು ಅದನ್ನು ಹಡಗಿನ ಹತ್ತಿರ ಸೇರಲು ಬಿಡಲಿಲ್ಲ. ಕೊನೆಗೆ ಉತ್ತರದ ಟೈನ್‌ಮೌತಿನಿಂದ, ದೀಪಗಳಿಲ್ಲದ ಕರಾವಳಿಯ ಉದ್ದಕ್ಕೂ ರಾತ್ರಿಯಿಡೀ ಸಾಗಿಬಂದ ‘ಹೆನ್ರಿ ವರ್ನನ್’ ಎಂಬ ಮೋಟಾರು ದೋಣಿ, ನವೆಂಬರ್ 1ರ ಬೆಳಿಗ್ಗೆ ನೀರಿನ ಮೇಲೆ ಎಣ್ಣೆ ಸುರಿದು ಅಲೆಗಳನ್ನು ತುಸು ತಗ್ಗಿಸಿ, ಹಡಗಿನಲ್ಲಿ ಉಳಿದಿದ್ದ 50 ಜನರನ್ನು ಇಳಿಸಿಕೊಂಡಿತು. ಕಡಲು ಕೆರಳಿದಾಗ ಯಂತ್ರದ ದೋಣಿಗಿಂತ ಹುಟ್ಟಿನ ದೋಣಿಯೇ ಮೇಲೆಂಬ ಹಳಬರ ವಾದ ಆ ಬಳಿಕ ಬಲ ಕಳೆದುಕೊಂಡಿತು.

ಆ ಊರಿಗೆ ಅದು ಮೊದಲ ಆಘಾತವಾಗಿರಲಿಲ್ಲ. 1861ರ ಫೆಬ್ರುವರಿ 9ರ ಬಿರುಗಾಳಿಯಲ್ಲಿ ವಿಟ್ಬಿಯ ಜೀವರಕ್ಷಕ ದೋಣಿ ಒಂದೇ ದಿನ ಐದು ಹಡಗುಗಳವರನ್ನು ಉಳಿಸಿ, ಮತ್ತೊಂದು ಸಲ ಹೊರಟಾಗ ಗೋಡೆಯ ಸಮೀಪದಲ್ಲಿಯೇ ಮಗುಚಿತು. ಗೋಡೆಯ ಮೇಲೂ ದಡದಲ್ಲೂ ನಿಂತ ಜನರ ಕಣ್ಣೆದುರೇ 13 ಜನರಲ್ಲಿ 12 ಮಂದಿ ಹೋದರು. ಬದುಕಿದ ಹೆನ್ರಿ ಫ್ರೀಮನ್ ಒಬ್ಬರೇ ಆಗ ಹೊಸದಾಗಿ ಬಂದಿದ್ದ ಬೆಂಡಿನ ರಕ್ಷಣಾ ಕವಚ ತೊಟ್ಟಿದ್ದರು.

ರೋಹಿಲ್ಲಾ ಮುಳುಗಿ ಆರು ವಾರ ಆಗಿತ್ತಷ್ಟೇ, 1914ರ ಡಿಸೆಂಬರ್ 16ರಂದು ಜರ್ಮನಿಯ ಯುದ್ಧನೌಕೆಗಳು ಮೊದಲು ಸ್ಕಾರ್‌ಬರೋ ಮೇಲೆ, ಆಮೇಲೆ ವಿಟ್ಬಿಯ ಮೇಲೆ ಗುಂಡಿನ ಮಳೆ ಸುರಿಸಿದವು. ವಿಟ್ಬಿಯಲ್ಲಿ ಪುರಾತನ ಕ್ರೈಸ್ತ ಮಠದ (ಅಬ್ಬೆಯ) ಪಶ್ಚಿಮದ ಭಾಗಕ್ಕೆ ಹಾನಿಯಾಯಿತು. ಸ್ಕಾರ್‌ಬರೋ ಬಂದರಿನ ದೀಪಸ್ತಂಭಕ್ಕೆ ಗುಂಡು ತಗುಲಿ, ಅದನ್ನು ಕೆಡವಬೇಕಾಯಿತು. ಇಂದು ಅಲ್ಲಿ ಕಾಣುವುದು 1931ರಲ್ಲಿ ಮರಳಿ ಕಟ್ಟಿದ್ದು. ವಿಟ್ಬಿಯ ಎರಡು ಕಲ್ಲಿನ ಸ್ತಂಭಗಳು ಮಾತ್ರ ಆ ಯುದ್ಧವನ್ನೂ ಮುಂದಿನ ಯುದ್ಧವನ್ನೂ ದಾಟಿ ಬಂದವು.

ಟೀಸ್ ದಡದವಳು (ಉತ್ತರ):

ಮಿಡಲ್ಸ್‌ಬರೋದಲ್ಲಿ ವಾಸವಾಗಿರುವ ನನಗೆ ವಿಟ್ಬಿ ಹತ್ತಿರದ ಊರು. ನೀವೆಲ್ಲ ಅಪಾಯದ ಕಡೆಯಿಂದಲೇ ಬರೆದಿರುವಿರಿ, ಅದು ಸರಿಯೇ. ಆದರೆ ಈ ಅಳಿವೆಯ ಸ್ವಭಾವ ಊರಿಗೆ ಕೊಟ್ಟ ಒಂದು ದೊಡ್ಡ ಲಾಭವನ್ನೂ ದಾಖಲಿಸಬೇಕೆನಿಸಿತು. ಇಳಿತದಲ್ಲಿ ಇಲ್ಲಿಯ ಒಳಬಂದರಿನ ನೀರು ಬಹಳ ತಗ್ಗುತ್ತದೆ. ಚೂಪಾದ ತಳದ ಹಡಗು ಕೆಸರಿನ ಮೇಲೆ ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಆದ್ದರಿಂದ ಇಲ್ಲಿಯ ಬಡಗಿಗಳು ಕಲ್ಲಿದ್ದಲಿನ ಹಡಗುಗಳನ್ನು ಅಗಲವಾದ, ಚಪ್ಪಟೆಯಾದ ತಳ ಇಟ್ಟು ಕಟ್ಟುತ್ತಿದ್ದರು. 1746ರಲ್ಲಿ ಇಲ್ಲಿಯ ಹಡಗು ಮಾಲೀಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ ಜೇಮ್ಸ್ ಕುಕ್ ಪಳಗಿದ್ದು ಇಂತಹ ಹಡಗುಗಳಲ್ಲಿ. ಮುಂದೆ ಅವರು ಪೆಸಿಫಿಕ್ ಸಾಗರಕ್ಕೆ ಒಯ್ದ ‘ಎಂಡೆವರ್’ ಕೂಡ 1764ರಲ್ಲಿ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲಿನ ಹಡಗೇ. ಅಪರಿಚಿತ ತೀರಗಳಲ್ಲಿ ದಡಕ್ಕೆ ಹತ್ತಿರ ಹೋಗಲು, ಬೇಕಾದಾಗ ನೆಲದ ಮೇಲೆ ಕೂರಿಸಿ ದುರಸ್ತಿ ಮಾಡಲು ಅಂತಹ ತಳವೇ ಅನುಕೂಲವಾಯಿತು.

ಇನ್ನೊಂದು ಸೂಚನೆ. ಇಂಗ್ಲೆಂಡಿನ ಕಡಲೂರುಗಳಲ್ಲಿ ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿ, ಕೇವಲ ಅಡ್ಡಾಡಲೆಂದು ಕಟ್ಟಿದ ವಿಹಾರದ ಸೇತುವೆಗಳನ್ನು ನೋಡಿ ಬಂದವರು ವಿಟ್ಬಿಯ ಗೋಡೆಗಳನ್ನೂ ಅದೇ ಸಾಲಿಗೆ ಸೇರಿಸಿಬಿಡುತ್ತಾರೆ. ವ್ಯತ್ಯಾಸ ತಿಳಿಯಬೇಕೆಂದರೆ ಹತ್ತಿರದ ಸಾಲ್ಟ್‌ಬರ್ನಿಗೆ ಹೋಗಿ ನೋಡಿರಿ. ಅಲ್ಲಿಯ ವಿಹಾರದ ಸೇತುವೆ 1869ರಲ್ಲಿ ತೆರೆದಾಗ 1500 ಅಡಿ ಇತ್ತು. ಬಿರುಗಾಳಿಗಳೂ ಹಡಗುಗಳೂ ಬಡಿದು ಕತ್ತರಿಸುತ್ತಾ ಬಂದು ಈಗ 681 ಅಡಿ ಉಳಿದಿದೆ. ಅದರ ಕಂಬಗಳ ಸಂದಿನಲ್ಲಿ ಅಲೆಗಳು ಹಾಯ್ದು ಹೋಗುತ್ತವೆ, ಅದು ಯಾವ ದೋಣಿಗೂ ಆಸರೆಯಲ್ಲ. ವಿಟ್ಬಿಯ ಗೋಡೆ ಅಲೆಯನ್ನು ಎದೆಗೊಟ್ಟು ತಡೆಯುವಂಥದ್ದು.

ಹಾಗೆ ತಡೆಯುವುದರಿಂದಲೇ ಅದು ಸವೆಯುತ್ತದೆ. ಕಲ್ಲುಗಳ ಸಂದುಗಳಿಂದ ಗಾರೆ ಹೋಗಿ ಒಳಗೆ ಟೊಳ್ಳಾಗಿದ್ದ ಜಾಗಗಳನ್ನು ತುಂಬಿ, ಕೆಲವು ವರ್ಷಗಳ ಹಿಂದೆ ದೊಡ್ಡ ದುರಸ್ತಿ ನಡೆಯಿತು. ಪೂರ್ವದ ಗೋಡೆಗೂ ಅದರ ವಿಸ್ತರಣೆಗೂ ನಡುವೆ ಬಹುಕಾಲ ಉಳಿದಿದ್ದ ಕಂಡಿಗೆ 2020ರಲ್ಲಿ ಕಾಲುಸೇತುವೆ ಹಾಕಿದ್ದಾರೆ. ಈಗ ಎರಡೂ ಬದಿಗಳಲ್ಲಿ ತುದಿಯ ದೀಪದವರೆಗೆ ನಡೆದು ಹೋಗಬಹುದು. ನನ್ನ ಸಲಹೆ ಕೇಳಿದರೆ ಪೂರ್ವದ ಬದಿಯನ್ನೇ ಆರಿಸಿಕೊಳ್ಳಿರಿ. ಅಲ್ಲಿ ಜನಸಂದಣಿ ಕಡಿಮೆ, ಇಳಿತದ ಹೊತ್ತಿನಲ್ಲಿ ಎಡಕ್ಕೆ ಅಳಿವೆಯ ಬಾಯಿ, ಬಲಕ್ಕೆ ದೋಣಿ ಎಳೆದುಕೊಂಡು ಹೋದ ಆ ಬಂಡೆಯ ಹಾಸು ಎರಡೂ ಒಟ್ಟಿಗೆ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಬಂದರನ್ನು ನೋಡುವ ಆಸೆ ಇದ್ದರೆ ಅಲ್ಲಿಯೇ ನೆಲೆಸಿದ್ದ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ತೆಗೆದ ಛಾಯಾಚಿತ್ರಗಳನ್ನು ಹುಡುಕಿ ನೋಡಿರಿ. ಹಾಯಿಹಡಗುಗಳು, ಬಲೆ ಸರಿಪಡಿಸುವ ಮೀನುಗಾರರು, ಮಂಜಿನ ಬೆಳಗುಗಳು ಅವುಗಳಲ್ಲಿ ಇವೆ.

ಅಳಿವೆಯಂಚು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕೊನೆಯದಾಗಿ ಒಂದು ಸಣ್ಣ ವಿಷಯ: ಮುಂದಿನ ತಿಂಗಳು ತಂದೆ ತಾಯಿಯರು ಊರಿನಿಂದ ಬರುತ್ತಿದ್ದಾರೆ. ಅವರನ್ನು ವಿಸ್ತರಣೆಯ ತುದಿಯವರೆಗೆ ಕರೆದುಕೊಂಡು ಹೋಗುವುದು ಕ್ಷೇಮವೇ?

ನಿವೃತ್ತ ನಾವಿಕ:

ಗಾಳಿ ದಕ್ಷಿಣದಿಂದ ಅಥವಾ ಪಶ್ಚಿಮದಿಂದ ಮೆಲ್ಲಗೆ ಬೀಸುತ್ತಿರುವ ದಿನ, ಇಳಿತದ ಸಮಯ ನೋಡಿಕೊಂಡು ಧಾರಾಳವಾಗಿ ಹೋಗಿಬನ್ನಿರಿ. ಉತ್ತರದಿಂದಾಗಲಿ ಈಶಾನ್ಯದಿಂದಾಗಲಿ ಗಾಳಿ ಇದ್ದರೆ, ಬಿಸಿಲು ಎಷ್ಟೇ ಚೆನ್ನಾಗಿದ್ದರೂ, ಕಲ್ಲಿನ ಸ್ತಂಭದಿಂದ ಆಚೆಗೆ ಹೋಗಬೇಡಿರಿ. ಅಂತಹ ದಿನಗಳಲ್ಲಿ ಅಲೆಗಳು ವಿಸ್ತರಣೆಯನ್ನು ಪೂರ್ತಿ ದಾಟಿ ಬೀಳುತ್ತವೆ, ಹಿಂದಿನ ದಿನದ ಗಾಳಿ ನಿಂತ ಮೇಲೂ ಅಲೆ ಬಹಳ ಹೊತ್ತು ಇಳಿಯುವುದಿಲ್ಲ. ಹಿರಿಯರಿಗೆ ಪಶ್ಚಿಮದ ಬದಿಯೇ ಅನುಕೂಲ. ಪಟ್ಟಣದ ರಸ್ತೆಯಿಂದ ಸಮತಟ್ಟಾಗಿ ಗೋಡೆಯ ಮೇಲೆ ನಡೆದು ಹೋಗಬಹುದು, ಪೂರ್ವದ ಕಡೆ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕಾಗುತ್ತದೆ.